ವೈದ್ಯರ ಉತ್ತರ: ಹೊಲಿಗೆ, ಸೂಜಿ ಮತ್ತು ಮಕ್ಕಳ ಹೆದರಿಕೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿಕ್ಕ ಮಕ್ಕಳ ಸಣ್ಣಪುಟ್ಟ ಗಾಯಗಳಿಗೂ ಅವುಗಳ ಚಿಕಿತ್ಸೆಯ ಹೊತ್ತಿನಲ್ಲಿ ಮಕ್ಕಳು ಪಡುವ ಭಯಕ್ಕೂ ಸಂಬಂಧಿಸಿದವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮ ಮಗಳು ಅಂಗಳಕ್ಕಿಳಿಯುವ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಗದ್ದದ ಕೆಳಗೆ ಮೂರು ಹೊಲಿಗೆ ಹಾಕಿಸಬೇಕಾಯಿತು. ಆಸ್ಪತ್ರೆಯಲ್ಲಿ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ, ನಾಲ್ಕು ಜನ ಸೇರಿ ಅವಳನ್ನು ಒತ್ತಿ ಹಿಡಿದು ಹೊಲಿಗೆ ಹಾಕಿದರು. ನರ್ಸುಗಳು ಮಲಯಾಳದಲ್ಲಿ ಸಮಾಧಾನ ಹೇಳುತ್ತಿದ್ದರಾದರೂ ಕನ್ನಡ ಮತ್ತು ತುಳು ಮಾತ್ರ ಬಲ್ಲ ಅವಳಿಗೆ ಅದು ತಿಳಿಯಲಿಲ್ಲ. ಹೊಲಿಗೆ ಬಿಚ್ಚುವಾಗಲೂ ಇದೇ ರಂಪ. ಈಗ ಮದ್ದಿನ ಅಂಗಡಿಯ ಮೆಟ್ಟಿಲು ಹತ್ತಲೂ ಒಪ್ಪುವುದಿಲ್ಲ. ಅವಳಿಗೆ ಮೊನ್ನೆಯಷ್ಟೇ ಐದು ತುಂಬಿದ್ದು, ಚುಚ್ಚುಮದ್ದಿಗೆ ಬರಲು ಆಶಾ ಕಾರ್ಯಕರ್ತೆ ಹೇಳಿ ಹೋಗಿದ್ದಾರೆ. ಏನು ಮಾಡಲಿ? — ಒಬ್ಬ ತಾಯಿ, ಬದಿಯಡ್ಕ

ಉತ್ತರ: ನಿಮ್ಮ ಮಗಳನ್ನು ಹೆದರಿಸಿದ್ದು ಸೂಜಿಗಿಂತ ಹೆಚ್ಚಾಗಿ, ಅವಳನ್ನು ಅಂಗಾತ ಮಲಗಿಸಿ ಒತ್ತಿ ಹಿಡಿದದ್ದು ಮತ್ತು ಆ ಹೊತ್ತಿನಲ್ಲಿ ಗುರುತಿನ ಮುಖವೊಂದೂ ಹತ್ತಿರ ಇಲ್ಲದೆ ಹೋದದ್ದು ಎಂದೇ ನನಗೆ ತೋರುತ್ತದೆ. ಸಣ್ಣ ಮಕ್ಕಳು ಇಂಥದ್ದನ್ನೆಲ್ಲ ಎರಡು ದಿನದಲ್ಲಿ ಮರೆಯುತ್ತಾರೆ ಎನ್ನುವವರಿದ್ದಾರೆ. ಮರೆಯುವುದಿಲ್ಲ. ಮುಂದಿನ ಸಲ ಸ್ಪಿರಿಟಿನ ವಾಸನೆ ಮೂಗಿಗೆ ಬಡಿದಾಗಲೇ ಮಗು ಮೈಯನ್ನು ಬಿಗಿಹಿಡಿಯುತ್ತದೆ, ಬಿಗಿದ ತೋಳಿಗೆ ಚುಚ್ಚಿದಾಗ ನೋವೂ ಹೆಚ್ಚಾಗುತ್ತದೆ, ಆ ನೋವು ಅದರ ಮುಂದಿನ ಭಯಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಆದ್ದರಿಂದ ಈ ಬಾರಿಯ ಚುಚ್ಚುಮದ್ದನ್ನು ಹೇಗಾದರೂ ಮುಗಿಸಿದರಾಯಿತು ಎಂದುಕೊಳ್ಳದೆ, ಸರಿಯಾಗಿ ಮುಗಿಸಬೇಕೆಂದು ಮನಸ್ಸು ಮಾಡಿ. ಅದು ಡಿಪಿಟಿಯ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳನ್ನು ತಡೆಯುವ ಲಸಿಕೆ) ಎರಡನೆಯ ಬೂಸ್ಟರ್. ಐದರಿಂದ ಆರು ವರ್ಷದೊಳಗೆ ಕೊಡುವಂಥದ್ದಾದ್ದರಿಂದ ಈ ಬುಧವಾರವೇ ಆಗಬೇಕೆಂಬ ಧಾವಂತವಿಲ್ಲ. ತಯಾರಿಗೆ ಕೆಲವು ದಿನ ತೆಗೆದುಕೊಳ್ಳಬಹುದು.

ಮೊದಲು ಬಿಡಬೇಕಾದದ್ದು ಸುಳ್ಳು. "ಡಾಕ್ಟರು ಬರೇ ನೋಡುವುದು, ಸೂಜಿ ಇಲ್ಲ" ಎಂದು ಹೇಳಿ ಕರೆದುಕೊಂಡು ಹೋದ ಮಗುವಿಗೆ ಸೂಜಿಯ ಜೊತೆಗೆ ತಾಯಿಯ ಮಾತಿನ ಮೇಲಿನ ನಂಬಿಕೆಯೂ ಕಳೆಯುತ್ತದೆ. "ಇರುವೆ ಕಚ್ಚಿದ ಹಾಗೆ, ಅಷ್ಟೇ" ಎಂಬುದೂ ನನಗೆ ಇಷ್ಟವಿಲ್ಲದ ಮಾತು. ನಮ್ಮ ತೋಟಗಳ ಕೆಂಪಿರುವೆಯ ಕಡಿತವನ್ನು ಒಮ್ಮೆ ಅನುಭವಿಸಿದ ಮಗುವಿಗೆ ಅದು ಸಮಾಧಾನವೇ ಅಲ್ಲ. ಇನ್ನೊಂದು ಅಭ್ಯಾಸ ಇದಕ್ಕಿಂತಲೂ ಕೆಟ್ಟದ್ದು: ಊಟ ಮಾಡದಿದ್ದರೆ, ಹಠ ಮಾಡಿದರೆ "ಡಾಕ್ಟರರ ಹತ್ತಿರ ಹೋಗಿ ಸೂಜಿ ಹಾಕಿಸುತ್ತೇನೆ" ಎಂದು ಹೆದರಿಸುವುದು. ವರ್ಷವಿಡೀ ಶಿಕ್ಷೆಯೆಂದು ತೋರಿಸಿದ ವಸ್ತುವನ್ನು ಒಂದು ದಿನ ಒಳ್ಳೆಯದಕ್ಕೆಂದು ಹೇಳಿದರೆ ಯಾವ ಮಗುವೂ ನಂಬುವುದಿಲ್ಲ. ಅಜ್ಜ, ಅಜ್ಜಿ, ಚಿಕ್ಕಪ್ಪಂದಿರಿಗೂ ಇದನ್ನು ಹೇಳಿಬಿಡಿ.

ಐದು ವರ್ಷದ ಮಗುವಿಗೆ ವಾರದ ಮೊದಲೇ ಹೇಳಿದರೆ ವಾರವಿಡೀ ಅಳು. ಹೋಗುವ ದಿನ ಬೆಳಿಗ್ಗೆ ಹೇಳುವುದು ಸರಿ. ಏಳೆಂಟು ವರ್ಷದವರಿಗಾದರೆ ಹಿಂದಿನ ದಿನ ಹೇಳಬಹುದು, ಎರಡು ವರ್ಷದವರಿಗೆ ಕೋಣೆಯೊಳಗೆ ಹೋಗುವಾಗ ಹೇಳಿದರೆ ಸಾಕು. ಹೇಳುವ ಮಾತು ಇಷ್ಟೇ ಇರಲಿ: "ಇವತ್ತು ತೋಳಿಗೆ ಒಂದು ಸೂಜಿ ಇದೆ. ಚುಚ್ಚುವಾಗ ನೋವಾಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ನೀನು ನನ್ನ ಮಡಿಲಲ್ಲೇ ಕೂತಿರುತ್ತೀ. ಅಳು ಬಂದರೆ ಅಳಬಹುದು, ತೋಳನ್ನು ಮಾತ್ರ ಅಲ್ಲಾಡಿಸಬಾರದು." ಮಗುವಿಗೆ ಮಾಡಲು ಒಂದು ಕೆಲಸ ಕೊಟ್ಟಂತೆಯೂ ಆಯಿತು, ಅಳುವುದಕ್ಕೆ ಅನುಮತಿ ಕೊಟ್ಟಂತೆಯೂ ಆಯಿತು. ಅದಕ್ಕೂ ಮೊದಲಿನ ದಿನಗಳಲ್ಲಿ ಸೂಜಿಯಿಲ್ಲದ ಖಾಲಿ ಸಿರಿಂಜನ್ನು ಕೈಗೆ ಕೊಟ್ಟು ಗೊಂಬೆಗೆ ಚುಚ್ಚುವ ಆಟವಾಡಿಸಿ. ಆಟದಲ್ಲಿ ಅವಳೇ ಡಾಕ್ಟರಾಗಲಿ, ಗೊಂಬೆ ಎಷ್ಟು ಬೇಕಾದರೂ ಕಿರುಚಲಿ. ಬಪ್ಪಂಗಾಯಿ (ಪಪ್ಪಾಯಿ) ಎಲೆಯ ತೊಟ್ಟನ್ನು ತೊಳೆದು ಅದರಲ್ಲಿ ಸಾಬೂನಿನ ಗುಳ್ಳೆ ಊದುವ ಆಟ ಗೊತ್ತಿದ್ದರೆ ಇನ್ನೂ ಒಳ್ಳೆಯದು. ನಿಧಾನವಾಗಿ, ಉದ್ದವಾಗಿ ಉಸಿರು ಬಿಡುವುದನ್ನು ಅದು ಕಲಿಸುತ್ತದೆ. ಚುಚ್ಚುವ ಕ್ಷಣದಲ್ಲಿ "ಗುಳ್ಳೆ ಊದು" ಎಂದರೆ ತೊಟ್ಟು ಇಲ್ಲದಿದ್ದರೂ ಊದುತ್ತಾರೆ, ಊದುವ ಮಗುವಿನ ತೋಳು ತಾನಾಗಿ ಸಡಿಲವಾಗುತ್ತದೆ.

ಕೂರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅರ್ಧ ಗೆಲುವು ಅದರಲ್ಲಿದೆ. ನೀವು ಕುರ್ಚಿಯಲ್ಲಿ ಕೂತು ಮಗುವನ್ನು ಮಡಿಲಲ್ಲಿ ಅಡ್ಡಲಾಗಿ ಕೂರಿಸಿ. ನಿಮ್ಮ ಮೈಗೆ ತಾಗಿದ ಕೈ ನಿಮ್ಮ ಕಂಕುಳ ಕೆಳಗಿಂದ ಬೆನ್ನಿನ ಕಡೆಗೆ ಹೋಗಲಿ, ಚುಚ್ಚಬೇಕಾದ ತೋಳನ್ನು ನಿಮ್ಮ ಅಂಗೈಯಿಂದ ಮೊಣಕೈಯ ಹತ್ತಿರ ಹಿಡಿಯಿರಿ, ಅವಳ ಕಾಲುಗಳು ನಿಮ್ಮ ತೊಡೆಗಳ ನಡುವೆ ಇರಲಿ. ಹೊರಗಿನಿಂದ ನೋಡುವವರಿಗೆ ಇದು ಅಪ್ಪುಗೆ; ಆದರೆ ಕೈಕಾಲು ಕದಲುವುದಿಲ್ಲ. ಚುಚ್ಚುಮದ್ದಿನ ನೋವು ತಗ್ಗಿಸುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಗಳಲ್ಲಿಯೂ ಹೆತ್ತವರು ಜೊತೆಗಿರಬೇಕು, ಶಿಶುವನ್ನು ಎತ್ತಿಕೊಂಡಿರಬೇಕು, ದೊಡ್ಡ ಮಕ್ಕಳನ್ನು ಮಲಗಿಸದೆ ಕೂರಿಸಬೇಕು, ಮೊಲೆ ಕುಡಿಯುವ ಶಿಶುವಿಗೆ ಚುಚ್ಚುವ ಹೊತ್ತಿನಲ್ಲಿ ಹಾಲೂಡಿಸಬಹುದು ಎಂದಿದೆ. ಒಂದಕ್ಕಿಂತ ಹೆಚ್ಚು ಚುಚ್ಚುಮದ್ದುಗಳಿದ್ದರೆ ಹೆಚ್ಚು ನೋವಿನದ್ದು ಕೊನೆಗೆ ಇರಲಿ ಎಂಬುದೂ ಅದರಲ್ಲಿದೆ. ಇವನ್ನೆಲ್ಲ ಕೇಳಿ ಪಡೆಯಲು ಸಂಕೋಚ ಬೇಡ.

ಭಾಷೆಯ ತೊಡಕಿಗೆ ಉಪಾಯ ಸುಲಭ. ಒಳಗೆ ಹೋದ ತಕ್ಷಣ ನರ್ಸಿಗೆ ಮಲಯಾಳದಲ್ಲಿ, "ಮಗುವಿಗೆ ನಿಮ್ಮ ಮಾತು ತಿಳಿಯುವುದಿಲ್ಲ, ನೀವು ನನಗೆ ಹೇಳಿ, ನಾನು ಅವಳಿಗೆ ಹೇಳುತ್ತೇನೆ" ಎಂದುಬಿಡಿ. ನಾಲ್ಕು ಬಾಯಿಗಳು ಒಟ್ಟಿಗೆ ಸಮಾಧಾನ ಹೇಳುವುದು ಯಾವ ಭಾಷೆಯಲ್ಲಾದರೂ ಮಗುವಿಗೆ ಗದ್ದಲವೇ. ಒಂದೇ ದನಿ ಕೇಳುತ್ತಿರಲಿ, ಅದು ನಿಮ್ಮದಾಗಿರಲಿ. "ಅಯ್ಯೋ ಪಾಪ, ಅಮ್ಮನನ್ನು ಕ್ಷಮಿಸು ಮಗಾ" ಎಂದು ಅಲವತ್ತುಕೊಳ್ಳಬೇಡಿ. ತಾಯಿಯೇ ಕ್ಷಮೆ ಕೇಳುವಂಥ ಏನೋ ಭಯಂಕರ ನಡೆಯುತ್ತಿದೆ ಎಂದು ಮಗು ತಿಳಿಯುತ್ತದೆ. ಪೇಟೆಗೆ ಹೋಗುವ ದಾರಿಯ ವಿಷಯವೋ ಕರುವಿನ ವಿಷಯವೋ ಮಾತಾಡಿ.

ಮುಂದೊಮ್ಮೆ ಹೊಲಿಗೆಯ ಸಂದರ್ಭ ಬಂದರೆ, ಗಾಯ ಚಿಕ್ಕದಾಗಿ, ನೇರವಾಗಿ, ಅಂಚುಗಳು ಸಲೀಸಾಗಿ ಕೂಡುವಂತಿದ್ದರೆ ಅಂಟು ಹಾಕಿ ಕೂಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಆ ಅಂಟು ಐದರಿಂದ ಹತ್ತು ದಿನಗಳಲ್ಲಿ ತಾನಾಗಿ ಉದುರುತ್ತದೆ. ಅದರ ಮೇಲೆ ಮುಲಾಮು ಹಚ್ಚಬಾರದು, ಹಚ್ಚಿದರೆ ಬೇಗ ಕಳಚಿಕೊಳ್ಳುತ್ತದೆ. ಹೊಲಿಗೆಯೇ ಬೇಕಾದರೆ ಮರಗಟ್ಟಿಸುವ ಮದ್ದು ಕೊಟ್ಟ ಮೇಲೆ ಕೆಲವು ನಿಮಿಷ ಕಾಯಬೇಕು. ಆಮೇಲೆಯೂ ಎಳೆದಂತೆ, ಒತ್ತಿದಂತೆ ಅನಿಸುತ್ತದೆ ಎಂಬುದನ್ನು ಮಗುವಿಗೆ ಮೊದಲೇ ಹೇಳಿ, ಇಲ್ಲವಾದರೆ ಆ ಎಳೆತವನ್ನೇ ನೋವೆಂದು ತಿಳಿದು ಬೊಬ್ಬೆ ಹಾಕುತ್ತದೆ. ಹೊಲಿಗೆ ಬಿಚ್ಚುವಾಗ ನೋಯಿಸುವುದು ಹೆಚ್ಚಾಗಿ ನೂಲಲ್ಲ, ನೂಲಿನ ಸುತ್ತ ಒಣಗಿ ಅಂಟಿದ ರಕ್ತದ ಹಕ್ಕಳೆ. ಸಲೈನಿನಲ್ಲಿ ನೆನೆಸಿದ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ತುಂಡನ್ನು ಐದು ನಿಮಿಷ ಅದರ ಮೇಲಿಟ್ಟು ಮೆತ್ತಗಾದ ಬಳಿಕ, ಗಂಟನ್ನು ಚಿಮಟದಿಂದ ಎತ್ತಿ ಒಂದು ಬದಿಯಲ್ಲಿ ಕತ್ತರಿಸಿದರೆ ನೂಲು ಜಾರಿ ಬರುತ್ತದೆ. ಸರದಿಯಲ್ಲಿ ಹತ್ತು ಜನ ನಿಂತಿರುವಾಗ ನರ್ಸಿಗೆ ಇದಕ್ಕೆ ಬಿಡುವಿರುವುದಿಲ್ಲ. ನೆನೆಸುವ ಕೆಲಸವನ್ನು ನೀವೇ ಹೊರಗೆ ಕೂತು ಮಾಡಿಕೊಳ್ಳುತ್ತೇನೆಂದರೆ ಬೇಡವೆನ್ನುವವರು ಕಡಿಮೆ.

ಪ್ರಶ್ನೆ: ಮೊಮ್ಮಗನ ಮೊಣಕಾಲಿಗೆ ತರಚಿದಾಗ ನಾನು ಕಮ್ಯುನಿಸ್ಟ್ ಗಿಡದ ಎಲೆ ಹಿಂಡಿ ಹಚ್ಚಿದೆ, ಇನ್ನೊಮ್ಮೆ ಕಾಫಿಪುಡಿ ಒತ್ತಿದೆ. ನನ್ನ ಮಕ್ಕಳನ್ನೆಲ್ಲ ಹಾಗೆಯೇ ಸಾಕಿದ್ದು. ಸೊಸೆ ಬರೇ ನೀರಲ್ಲಿ ತೊಳೆದು ಬ್ಯಾಂಡೇಡ್ ಹಾಕುತ್ತಾಳೆ. ಗಾಯ ಗಾಳಿಗೆ ಬಿಟ್ಟರಲ್ಲವೇ ಒಣಗುವುದು? ಯಾರು ಸರಿ ಎಂದು ನೀವೇ ಹೇಳಬೇಕು. — ಒಬ್ಬ ಅಜ್ಜಿ, ಬಾಯಾರು

ಉತ್ತರ: ಅಮ್ಮಾ, ಈ ವ್ಯಾಜ್ಯದಲ್ಲಿ ನಾನು ಸೊಸೆಯ ಪಕ್ಷ. ಆ ಎಲೆಗೆ ರಕ್ತ ನಿಲ್ಲಿಸುವ ಗುಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ತೋಟದ ಬದಿಯಿಂದ ಕೊಯ್ದು, ಅಂಗೈಯಲ್ಲಿ ತಿಕ್ಕಿ ಹಿಂಡಿದ ರಸದೊಂದಿಗೆ ಮಣ್ಣೂ ಹೋಗುತ್ತದೆ; ಧನುರ್ವಾಯುವಿನ ರೋಗಾಣುಗಳು ಇರುವುದು ಮಣ್ಣಿನಲ್ಲಿ ಮತ್ತು ಸೆಗಣಿಯಲ್ಲಿ. ಕಾಫಿಪುಡಿಯ ಕಥೆ ಬೇರೆ. ಅದು ಗಾಯದೊಳಗೆ ಗಟ್ಟಿಯಾಗಿ ಕೂರುತ್ತದೆ, ಗಾಯ ಎಷ್ಟು ಆಳವೆಂದು ವೈದ್ಯರಿಗೆ ಕಾಣಿಸುವುದಿಲ್ಲ, ಅದನ್ನು ತೆಗೆಯಲು ಮತ್ತೆ ತಿಕ್ಕಬೇಕಾಗುತ್ತದೆ, ಮಗು ಎರಡನೆಯ ಸಲ ಅಳುತ್ತದೆ. ರಕ್ತ ನಿಲ್ಲಿಸಲು ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಕು. ನಡುವೆ ನಾಲ್ಕು ಸಲ ಎತ್ತಿ ನೋಡುವುದರಿಂದಲೇ ಅದು ನಿಲ್ಲದೆ ಹೋಗುವುದು.

ನಮ್ಮ ಊರಿನ ತರಚುಗಾಯಕ್ಕೆ ಒಂದು ವಿಶೇಷವಿದೆ. ಮುರಕಲ್ಲಿನ ಮೇಲೆ ಬಿದ್ದಾಗ ಕೆಂಪು ಹುಡಿ ಚರ್ಮದೊಳಗೆ ಸೇರುತ್ತದೆ. ಅಂದೇ ತೆಗೆಯದಿದ್ದರೆ ಗಾಯ ಮಾಗಿದ ಮೇಲೂ ಆ ಚುಕ್ಕೆಗಳು ಹಚ್ಚೆಯಂತೆ ಉಳಿದುಬಿಡುತ್ತವೆ, ಮುಖದ ಮೇಲಾದರೆ ಜೀವಮಾನದ ಬೇಸರ. ಆದ್ದರಿಂದ ಹರಿಯುವ ನೀರಿನ ಕೆಳಗೆ ಐದು ನಿಮಿಷವಾದರೂ ತೊಳೆಯಬೇಕು, ಸುತ್ತಲಿನ ಚರ್ಮಕ್ಕೆ ಸಾಬೂನು ಹಾಕಬೇಕು, ಉಳಿದ ಹುಡಿಯನ್ನು ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಬೇಕು. ಕುಡಿಯಲು ಯೋಗ್ಯವಾದ ಬಾವಿನೀರು ಇದಕ್ಕೂ ಯೋಗ್ಯ. ಆ ನೀರಿನ ಪಾತ್ರೆಯನ್ನು ಮಗುವಿನ ಕೈಗೇ ಕೊಟ್ಟು ಹುಯ್ಯಲು ಹೇಳಿ ನೋಡಿ. ತಾನೇ ಹುಯ್ದುಕೊಂಡ ನೀರು ಅಷ್ಟು ಉರಿಯುವುದಿಲ್ಲ.

ಗಾಳಿಗೆ ಬಿಟ್ಟರೆ ಬೇಗ ಮಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. 1962ರಲ್ಲಿ ಜಾರ್ಜ್ ವಿಂಟರ್ ಎಂಬವರು ಹಂದಿಗಳ ಚರ್ಮದ ಮೇಲೆ ನಡೆಸಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯಕ್ಕೆ ಹೊಸ ಚರ್ಮ, ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಇಮ್ಮಡಿ ವೇಗದಲ್ಲಿ ಹರಡಿಕೊಂಡದ್ದು ಕಂಡುಬಂತು. ತೆಳುವಾಗಿ ವ್ಯಾಸಲೀನ್ ಸವರಿ ಬ್ಯಾಂಡೇಡ್ ಹಾಕಿ, ದಿನಕ್ಕೊಮ್ಮೆ ಬದಲಿಸಿ. ಬದಲಿಸುವಾಗ ಅಂಟಿನ ಅಂಚಿಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು ಸ್ವಲ್ಪ ಕಾದರೆ ಕೀಳುವ ರಗಳೆಯಿಲ್ಲ. ನಿಮ್ಮ ತೆಂಗಿನೆಣ್ಣೆಗೆ ಇಲ್ಲಿ ಕೆಲಸವಿದೆ, ಗಾಯದ ಒಳಗಲ್ಲ.

ಸುಟ್ಟ ಗಾಯಕ್ಕಂತೂ ಎಣ್ಣೆ, ತುಪ್ಪ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಹಂಡೆಯ ಬಿಸಿನೀರೋ ಚಹಾವೋ ಬಿದ್ದರೆ ಬಟ್ಟೆಯನ್ನೂ ಬಳೆ, ಉಡಿದಾರವನ್ನೂ ಕೂಡಲೇ ತೆಗೆದು 20 ನಿಮಿಷ ಹರಿಯುವ ತಣ್ಣೀರು ಬಿಡಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬೇಡಿ. ಸುಟ್ಟ ಜಾಗ ಮಗುವಿನ ಅಂಗೈಗಿಂತ ದೊಡ್ಡದಾಗಿದ್ದರೆ, ಅಥವಾ ಮುಖ, ಕೈ, ಸಂದು, ಗುಪ್ತಾಂಗಗಳಲ್ಲಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಸೊಸೆಗೂ ಒಂದು ಮಾತು: ತರಚಿದಾಗಲೆಲ್ಲ ಟಿಟಿ (ಧನುರ್ವಾಯು ತಡೆಯುವ ಚುಚ್ಚುಮದ್ದು) ಹಾಕಿಸಲು ಓಡಬೇಕಾಗಿಲ್ಲ. ಪಟ್ಟಿಯ ಪ್ರಕಾರ ಎಲ್ಲ ಚುಚ್ಚುಮದ್ದುಗಳೂ ಆಗಿರುವ ಮಗುವಿನ ಚಿಕ್ಕ, ಶುಭ್ರ ಗಾಯಕ್ಕೆ ಅದು ಅನಾವಶ್ಯಕ. ಮಣ್ಣು, ಸೆಗಣಿ ಸೇರಿದ ಅಥವಾ ಆಳವಾದ ಗಾಯವಾಗಿ, ಕೊನೆಯ ಡೋಸ್ ಆಗಿ ಐದು ವರ್ಷ ಕಳೆದಿದ್ದರೆ ಮಾತ್ರ ಕೇಳಿ. ಚುಚ್ಚುಮದ್ದಿನ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಹೋದರೆ ಮಗುವಿಗೆ ಒಂದು ಸೂಜಿ ಉಳಿಯಬಹುದು.

ಪ್ರಶ್ನೆ: ಬಸ್ಸು ಹತ್ತುವ ಅವಸರದಲ್ಲಿ ಎರಡು ವರ್ಷದ ಮಗನ ಕೈ ಹಿಡಿದು ಎಳೆದೆ. ಅಂದಿನಿಂದ ಆ ಕೈ ಎತ್ತುತ್ತಿರಲಿಲ್ಲ. ಬಾವು ಇರಲಿಲ್ಲ. ಹಿರಿಯರು ಎಣ್ಣೆ ಹಾಕಿ ತಿಕ್ಕಿಸಲು ನಾಟಿವೈದ್ಯರಲ್ಲಿಗೆ ಕಳಿಸಿದರು. ಅಲ್ಲಿ ಬಹಳ ಅತ್ತ. ಮರುದಿನ ಡಾಕ್ಟರು ಕೈಯನ್ನು ಒಮ್ಮೆ ತಿರುಗಿಸಿದರು, ಸರಿಯಾಯಿತು. ಇದೇನು? — ಒಬ್ಬ ತಂದೆ, ಉಪ್ಪಳ

ಉತ್ತರ: ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಮೊಣಕೈಯಲ್ಲಿ ಮೂಳೆಯ ತಲೆಯನ್ನು ಸುತ್ತಿರುವ ಪಟ್ಟಿ ಆ ವಯಸ್ಸಿನಲ್ಲಿ ಸಡಿಲವಾಗಿರುತ್ತದೆ. ಕೈಯನ್ನು ಫಕ್ಕನೆ ಎಳೆದಾಗ ಅದು ಜಾರಿ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಿಳಿದ ವೈದ್ಯರು ತಿರುಗಿಸಿದರೆ ಸಣ್ಣದಾಗಿ ಟಕ್ ಎಂದು ಕೂರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮಗು ಆ ಕೈಯಿಂದ ಬಿಸ್ಕೆಟು ಹಿಡಿಯುತ್ತದೆ. ತಿಕ್ಕುವುದರಿಂದ ಉಪಯೋಗವಿಲ್ಲ. ಮೇಲಿನಿಂದ ಬಿದ್ದು ಕೈ ಬಾತಿದ್ದರೆ ಅದು ಬೇರೆ ವಿಷಯ. ಆಗ ಎಕ್ಸ್‌ರೇ ಆಗುವ ತನಕ ಯಾರೂ ತಿರುಗಿಸಬಾರದು, ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಲೂ ಬಾರದು, ರಕ್ತದ ಓಡಾಟ ನಿಂತು ಬೆರಳುಗಳಿಗೇ ಅಪಾಯವಾದೀತು. ಒಮ್ಮೆ ಜಾರಿದ್ದು ಮತ್ತೊಮ್ಮೆ ಜಾರಬಹುದಾದ್ದರಿಂದ ಇನ್ನು ಮುಂದೆ ಕಂಕುಳಿಗೆ ಕೈಕೊಟ್ಟೇ ಎತ್ತಿ.

ಪ್ರಶ್ನೆ: ಆರು ವರ್ಷದ ಮಗನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಿ ನಿಗದಿಯಾಗಿದೆ. ಮಗುವಿಗೆ ಏನೂ ಹೇಳುವುದು ಬೇಡ, ಮೃಗಾಲಯ ನೋಡಲು ಎಂದು ಹೇಳಿ ಕರೆದುಕೊಂಡು ಹೋಗೋಣ ಎಂದು ಮನೆಯವರ ಅಭಿಪ್ರಾಯ. ಬೆಳಗ್ಗಿನಿಂದ ಉಪವಾಸ ಇರಿಸಬೇಕಂತೆ, ಅದನ್ನು ಹೇಗೆ ಸಾಧಿಸುವುದೋ ತಿಳಿಯದು. — ಒಬ್ಬ ತಾಯಿ, ಮುಳ್ಳೇರಿಯ

ಉತ್ತರ: ಮೃಗಾಲಯದ ಉಪಾಯವನ್ನು ದಯವಿಟ್ಟು ಕೈಬಿಡಿ. ಎರಡು ಮೂರು ದಿನ ಮೊದಲು ಇಷ್ಟು ಹೇಳಿ: ಹೊಟ್ಟೆಯ ಕೆಳಗೆ ಉಬ್ಬುವುದನ್ನು ಡಾಕ್ಟರು ಸರಿಮಾಡುತ್ತಾರೆ, ಅದಕ್ಕೆ ಮೊದಲು ಮದ್ದಿನ ನಿದ್ದೆ ಬರಿಸುತ್ತಾರೆ, ಅದು ಮನೆಯ ನಿದ್ದೆಯ ಹಾಗಲ್ಲ, ನಡುವೆ ಎಚ್ಚರವಾಗುವುದಿಲ್ಲ, ನೋವು ತಿಳಿಯುವುದಿಲ್ಲ, ಮುಗಿದ ಮೇಲೆ ಅವರೇ ಎಬ್ಬಿಸುತ್ತಾರೆ, ಎದ್ದಾಗ ಅಮ್ಮ ಹತ್ತಿರ ಇರುತ್ತಾಳೆ. ಕೊನೆಯ ಮಾತು ನಿಜವಾಗುವಂತೆ ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳಿ. ಕೆಲವು ಕಡೆ ನಿದ್ದೆ ಬರುವ ತನಕವೂ ತಾಯಿಯನ್ನು ಒಳಗೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ಒಂದು ಕಾಲದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಒಳಸೇರಿಸಿದ ಮೇಲೆ ಹೆತ್ತವರು ದಿನಗಟ್ಟಲೆ ಮುಖ ತೋರಿಸುವಂತಿರಲಿಲ್ಲ. 1959ರಲ್ಲಿ ಪ್ಲಾಟ್ ಸಮಿತಿಯ ವರದಿ, ಮಕ್ಕಳ ವಾರ್ಡಿಗೆ ಹೆತ್ತವರ ಭೇಟಿಗೆ ನಿರ್ಬಂಧವಿರಬಾರದು ಎಂದು ಹೇಳಿದ ಮೇಲೆ ಅಲ್ಲಿ ನಿಧಾನವಾಗಿ ಬದಲಾಯಿತು. ನೀವು ಕೇಳುತ್ತಿರುವುದು ದೊಡ್ಡ ರಿಯಾಯಿತಿಯೇನೂ ಅಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಉಪವಾಸದ ಕಾರಣ ತಿಳಿದರೆ ಪಾಲಿಸುವುದು ಸುಲಭ. ಅರಿವಳಿಕೆಯಲ್ಲಿ ಗಂಟಲಿನ ಕಾವಲು ಸಡಿಲುವುದರಿಂದ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಸಾಮಾನ್ಯವಾಗಿ ಅನ್ನ, ದೋಸೆ, ಬಿಸ್ಕೆಟು, ದನದ ಹಾಲು ಇವಕ್ಕೆ 6 ಗಂಟೆ, ಎದೆಹಾಲಿಗೆ 4 ಗಂಟೆ, ನೀರು, ಸಕ್ಕರೆ ನೀರಿನಂಥ ತಿಳಿ ಪಾನೀಯಕ್ಕೆ 2 ಗಂಟೆಯ ಅಂತರ ಬೇಕು. ನಿಮ್ಮ ಅರಿವಳಿಕೆ ತಜ್ಞರು ಹೇಳಿದ ಹೊತ್ತೇ ಅಂತಿಮ. ಹಾಗೆಂದು ರಾತ್ರಿಯಿಂದಲೇ ನೀರನ್ನೂ ಕೊಡದೆ ಬತ್ತಿಸಬೇಡಿ. ಸರದಿ ಬೆಳಿಗ್ಗೆ ಮೊದಲನೆಯದಾಗಿರಲಿ ಎಂದು ಕೇಳಿಕೊಂಡರೆ ಹಸಿವಿನ ಹೊತ್ತು ಹೆಚ್ಚಿನಂಶ ನಿದ್ದೆಯಲ್ಲೇ ಕಳೆಯುತ್ತದೆ. ಮುಳ್ಳೇರಿಯದಿಂದ ನಸುಕಿನಲ್ಲೇ ಹೊರಡಬೇಕಾಗುವುದರಿಂದ ಕಾರಿನಲ್ಲಿ ತಿಂಡಿಯ ಚೀಲ ಇಡಬೇಡಿ. ಜೊತೆಯಲ್ಲಿ ಬಂದವರೂ ಮಗುವಿನೆದುರು ಏನೂ ತಿನ್ನಬಾರದು. ಕನಿಕರದಿಂದ ಗುಟ್ಟಾಗಿ ಒಂದು ಬಿಸ್ಕೆಟು ಕೊಡುವ ಸಂಬಂಧಿಕರು ಪ್ರತಿ ಮನೆಯಲ್ಲೂ ಇರುತ್ತಾರೆ. ಹಾಗೇನಾದರೂ ಆದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ, ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದರೂ ಚಿಂತೆಯಿಲ್ಲ. ಶೀತ, ಜ್ವರ, ಕಫ ಬಂದಿದ್ದರೂ ಹೊರಡುವ ಮೊದಲೇ ಫೋನು ಮಾಡಿ.

ಎಚ್ಚರವಾಗುವಾಗ ಕೆಲವು ಮಕ್ಕಳು ಯಾರ ಗುರುತೂ ಇಲ್ಲದವರಂತೆ ಒದರಾಡಿ ಅಳುತ್ತಾರೆ. ನೋಡಲು ಗಾಬರಿಯಾಗುತ್ತದೆ, ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಇಳಿಯುತ್ತದೆ, ಆಮೇಲೆ ಮಗುವಿಗೆ ಅದರ ನೆನಪೂ ಇರುವುದಿಲ್ಲ. ಮನೆಗೆ ಬಂದ ಮೇಲೆ ಒಂದೆರಡು ವಾರ ಹಾಸಿಗೆ ಒದ್ದೆಮಾಡುವುದು, ರಾತ್ರಿ ಎದ್ದು ಅಳುವುದು, ಸೆರಗು ಬಿಡದಿರುವುದು ಇದ್ದರೆ ಗದರಿಸಬೇಡಿ. ನೋವಿಗೆ ಪ್ಯಾರಸಿಟಮಾಲ್ ಕೊಡುವುದನ್ನು ವಯಸ್ಸಿನಿಂದಲ್ಲ, ತೂಕದಿಂದ ಲೆಕ್ಕ ಹಾಕಬೇಕು: ಕಿಲೋಗೆ 15 ಮಿಲಿಗ್ರಾಂ, ಎರಡು ಡೋಸುಗಳ ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬೇಡ. ಬಾಟಲಿಗಳಲ್ಲಿ 5 ಮಿಲಿಗೆ 125 ಮತ್ತು 250 ಮಿಲಿಗ್ರಾಮಿನವು ಎರಡೂ ಸಿಗುವುದರಿಂದ, ಹಳೆಯ ಬಾಟಲಿಯ ಅಳತೆಯನ್ನು ಹೊಸದಕ್ಕೆ ಬಳಸಿದರೆ ಡೋಸು ಇಮ್ಮಡಿಯಾಗಿಬಿಡುತ್ತದೆ. ಚೀಟಿಯನ್ನು ಓದಿ, ಅಡುಗೆಮನೆಯ ಚಮಚ ಬಿಟ್ಟು ಅದರ ಜೊತೆಗೆ ಕೊಟ್ಟ ಅಳತೆಯ ಮುಚ್ಚಳದಲ್ಲೇ ಕೊಡಿ.

ಪ್ರಶ್ನೆ: ಮನೆಯ ಬೆಕ್ಕು ಮೂರು ವರ್ಷದ ಮಗಳ ಕೈಗೆ ಪರಚಿ ಸ್ವಲ್ಪ ರಕ್ತ ಬಂದಿದೆ. ಸುಣ್ಣ ಹಚ್ಚಿದ್ದೇವೆ. ನಾಲ್ಕು ದಿನ ಸೂಜಿ ಹಾಕಿಸಬೇಕೆಂದು ಹೇಳುತ್ತಾರೆ. ಮಗು ಸೂಜಿ ಎಂದರೆ ನಡುಗುತ್ತದೆ. ಬೆಕ್ಕು ಆರೋಗ್ಯವಾಗಿಯೇ ಇದೆ, ಬಿಟ್ಟುಬಿಡಬಹುದೇ? — ಒಬ್ಬ ತಂದೆ, ಪೆರ್ಲ

ಉತ್ತರ: ಬಿಡುವಂತಿಲ್ಲ. ಈ ಪತ್ರಕ್ಕೆ ಸಂಚಿಕೆ ಹೊರಬರುವ ತನಕ ಕಾಯದೆ ಆಗಲೇ ಮರುತ್ತರ ಕಳಿಸಿದ್ದೇನೆ. ಇಲ್ಲಿ ಉಳಿದವರಿಗಾಗಿ ಬರೆಯುತ್ತಿದ್ದೇನೆ. ಬೆಕ್ಕಿನಿಂದಲೂ ಬರಬಹುದಾದ ರೇಬೀಸ್ (ಹುಚ್ಚುನಾಯಿ ರೋಗ) ಲಕ್ಷಣ ತೋರಿಸಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ, ಲಕ್ಷಣಕ್ಕೆ ಮೊದಲು ಸರಿಯಾಗಿ ಮದ್ದು ಮಾಡಿದರೆ ತಡೆಯಬಹುದು. ಸುಣ್ಣ, ಮೆಣಸಿನ ಹುಡಿ, ಎಣ್ಣೆ ಏನನ್ನೂ ಹಚ್ಚದೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ನಮ್ಮ ಅಂದಾಜಿನ ಹದಿನೈದು ನಿಮಿಷ ಹೆಚ್ಚಾಗಿ ಮೂರು ನಿಮಿಷವಾಗಿರುತ್ತದೆ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಚುಚ್ಚುವ ಇಮ್ಯುನೊಗ್ಲೋಬುಲಿನ್ (ಸಿದ್ಧ ಪ್ರತಿಕಾಯಗಳ ಮದ್ದು) ಕೂಡ ಬೇಕು, ಅದು ಎಲ್ಲ ಆರೋಗ್ಯ ಕೇಂದ್ರಗಳಲ್ಲೂ ಇರುವುದಿಲ್ಲವಾದ್ದರಿಂದ ಹೊರಡುವ ಮೊದಲು ವಿಚಾರಿಸಿ. ಕೇರಳದಲ್ಲಿ 1056 ಸಂಖ್ಯೆಯ ದಿಶಾ ಸಹಾಯವಾಣಿಗೆ ಕರೆಮಾಡಬಹುದು. ಚರ್ಮದ ಪದರದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಅದಾಗಿ 3, 7 ಮತ್ತು 28ನೆಯ ದಿನಗಳಲ್ಲಿ, ಪ್ರತಿಸಲವೂ ಎರಡು ಕಡೆ ಹಾಕುತ್ತಾರೆ. ಸೂಜಿ ಬಹಳ ಸಪೂರ, ಮದ್ದು ಒಂದು ಹನಿಯಷ್ಟು.

ಇದರಲ್ಲಿ ನೋವಿನದ್ದು ಗಾಯದೊಳಗೆ ಕೊಡುವ ಚುಚ್ಚುಮದ್ದು, ಅದು ಮೊದಲ ದಿನವೇ ಮುಗಿಯುತ್ತದೆ; ಉಳಿದ ಭೇಟಿಗಳು ಅದಕ್ಕಿಂತ ಹಗುರ ಎಂದು ಮಗುವಿಗೆ ಆ ದಿನವೇ ಹೇಳಿಬಿಡಿ. ಬದಿಯಡ್ಕದ ತಾಯಿಗೆ ಬರೆದ ಕೂರಿಸುವ ಕ್ರಮವನ್ನು ಇಲ್ಲಿಯೂ ಅನುಸರಿಸಿ. ಎಡ ತೋಳು ಮೊದಲೋ ಬಲ ತೋಳು ಮೊದಲೋ ಎಂಬುದನ್ನು ಅವಳೇ ಆರಿಸಲಿ. ಸೂಜಿ ಬೇಕೋ ಬೇಡವೋ ಎಂದು ಮಾತ್ರ ಕೇಳಬೇಡಿ, ಬೇಡವೆಂದರೆ ನಿಮ್ಮಲ್ಲಿ ಉತ್ತರವಿಲ್ಲ. ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಏಕೆಂದರೆ 28ನೆಯ ದಿನದ ಹೊತ್ತಿಗೆ ಪರಚಿದ ಗುರುತು ಮಾಯವಾಗಿರುತ್ತದೆ, ಬೆಕ್ಕು ಒಲೆಯ ಬುಡದಲ್ಲಿ ಎಂದಿನಂತೆ ಮಲಗಿರುತ್ತದೆ, ಕೊನೆಯ ಡೋಸು ತಪ್ಪಿಹೋಗುವುದು ಹೀಗೆಯೇ.